ಇಳಿಯಲೆಂದೇ ಹತ್ತಿದವರು

ಪರ್ವತಾರೋಹಣದ ಪುಸ್ತಕ ಓದಿ ಮುಗಿಸಿದಾಗಲೆಲ್ಲ ನನ್ನಲ್ಲೊಂದು ಕೊರಗು ಉಳಿದುಬಿಡುತ್ತದೆ. ಪುಟಗಟ್ಟಲೆ ಹತ್ತಿಸಿದ ಲೇಖಕ ಇಳಿಯುವುದನ್ನು ನಾಲ್ಕೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ತುದಿಯಲ್ಲಿ ಬಾವುಟ, ಫೋಟೊ, ಅಲ್ಲಿಗೆ ಕಥೆ ಸಂದಿತು. ದಣಿದ ಮೈ ಹೊತ್ತು ಕೆಳಗೆ ಬರುವಾಗಲೇ ಎಷ್ಟೋ ಜನ ಜೀವ ಬಿಟ್ಟಿದ್ದಾರಲ್ಲ! ಅದಕ್ಕೇ ನನಗೆ ಸ್ಕೀ ಹೊತ್ತು ಬೆಟ್ಟ ಹತ್ತುವವರ ಮೇಲೆ ಇಷ್ಟು ಪ್ರೀತಿ.

ಪೋಲೆಂಡಿನ ಆಂಡ್ಜೆ ಬಾರ್ಗಿಯೆಲ್ 2018ರ ಜುಲೈ 22ರಂದು ಕೆ2 ಪರ್ವತದ ತುದಿಯಲ್ಲಿ ನಿಂತ. ಎತ್ತರ 8,611 ಮೀಟರ್. ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಇಲ್ಲ. ಅಲ್ಲಿಂದ ಸ್ಕೀ ಕಟ್ಟಿಕೊಂಡು ಹೊರಟ. ಕೆಳಗೆ ಬಾಟಲ್‌ನೆಕ್ ಎಂಬ ಇಕ್ಕಟ್ಟಿನ ಕೊರಕಲು, ಅದರ ನೆತ್ತಿಯ ಮೇಲೆ ಬಾಗಿ ನಿಂತ ನೀರ್ಗಲ್ಲಿನ ಗೋಡೆ. ಇದೇ ಆಸೆ ಹೊತ್ತು ಬಂದಿದ್ದ ಸ್ವೀಡನ್ನಿನ ಫ್ರೆಡ್ರಿಕ್ ಎರಿಕ್ಸನ್ 2010ರಲ್ಲಿ ಹತ್ತುವಾಗಲೇ ಅಲ್ಲಿ ಜಾರಿ ತೀರಿಕೊಂಡಿದ್ದ.

ಅಂಥ ಕಡಿದಾದ ಜಾಗದಲ್ಲಿ ಸರಾಗವಾಗಿ ಜಾರುವುದೆಂಬುದೇ ಇಲ್ಲ. ಸ್ಕೀಯ ಉಕ್ಕಿನ ಅಂಚನ್ನು ಹಿಮಕ್ಕೆ ಊರಿ, ಕೋಲು ನೆಟ್ಟು, ನೆಗೆದು, ಗಾಳಿಯಲ್ಲೇ ತಿರುಗಿ ಮತ್ತೆ ಅಂಚಿನ ಮೇಲೇ ಇಳಿಯಬೇಕು. ನಿಲ್ಲಬೇಕು, ಉಸಿರು ಕೂಡಿಸಿಕೊಳ್ಳಬೇಕು, ಮತ್ತೊಂದು ತಿರುವು. ಬೆಳಗಿನ ಗಟ್ಟಿ ಹಿಮದಲ್ಲಿ ಅಂಚು ಕಚ್ಚುವುದಿಲ್ಲ. ಬಿಸಿಲು ಹೆಚ್ಚಾದರೆ ಹಿಮವೇ ಕುಸಿದೀತು. ನಡುವಿನ ಹೊತ್ತನ್ನು ಹಿಡಿಯಬೇಕು. ಎಲ್ಲಿ ಹಿಮ ಟೊಳ್ಳು, ಎಲ್ಲಿ ಬಂಡೆ ಹತ್ತಿರ ಎಂಬುದನ್ನು ಹತ್ತುವಾಗ ಬೂಟಿನಡಿ ತಿಳಿದುಕೊಂಡಿರಬೇಕು.

ಬಾರ್ಗಿಯೆಲ್ 2017ರಲ್ಲೂ ಬಂದಿದ್ದ. ಪರಿಸ್ಥಿತಿ ಸರಿಯಿಲ್ಲವೆಂದು ಮರಳಿದ್ದ. ಮರುವರ್ಷ ಸಹೋದರ ಬಾರ್ಟೆಕ್ ಡ್ರೋನ್ ಹಾರಿಸಿ ಇಳಿಜಾರುಗಳನ್ನು ಮೇಲಿನಿಂದ ನೋಡಿಕೊಟ್ಟ. ಒಂದೇ ಮಾರ್ಗದಲ್ಲಿ ಇಳಿಯಲಾಗದೆ ಹಲವು ಮಾರ್ಗಗಳ ತುಂಡುಗಳನ್ನು ಕೂಡಿಸಿಕೊಂಡ. ನಡುವೆ ಮಂಜು ಕವಿಯಿತು, ತಿಳಿಯಾಗುವವರೆಗೆ ಕಾದ. ಸಂಜೆಗೆ ಬುಡ ಮುಟ್ಟಿದ. ತುದಿಯಿಂದ ಬುಡದವರೆಗೆ ಕೆ2ವನ್ನು ಸ್ಕೀ ಮೇಲೆ ಇಳಿದವರಲ್ಲಿ ಅವನೇ ಮೊದಲಿಗ.

ಎವರೆಸ್ಟ್ ಅದಕ್ಕೂ ಮೊದಲೇ ಒಲಿದಿತ್ತು. 1970ರಲ್ಲಿ ಜಪಾನಿನ ಯುಯಿಚಿರೊ ಮಿಯುರಾ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಶಿಖರಕ್ಕಿಂತ ಕೆಳಗಿನ ಸೌತ್ ಕೋಲ್‌ನಿಂದ ಇಳಿಯಹೋಗಿ, ಬಿದ್ದು ಉರುಳಿ, ಹೇಗೋ ಬದುಕಿದ. 2000ದ ಅಕ್ಟೋಬರ್ 7ರಂದು ಸ್ಲೊವೇನಿಯಾದ ದಾವೊ ಕಾರ್ನಿಚಾರ್ ಶಿಖರದಿಂದ ಬೇಸ್ ಕ್ಯಾಂಪಿನವರೆಗೆ ಐದು ಗಂಟೆಯೊಳಗೆ ಇಳಿದುಬಿಟ್ಟ. ಎಲ್ಲರಿಗೂ ಬೆಟ್ಟ ಇಷ್ಟು ಉದಾರವಾಗಿರಲಿಲ್ಲ. ಫ್ರಾನ್ಸಿನ ಹುಡುಗ ಮಾರ್ಕೊ ಸಿಫ್ರೆಡಿ 2002ರಲ್ಲಿ ಸ್ನೋಬೋರ್ಡಿನೊಂದಿಗೆ ಎವರೆಸ್ಟ್ ಮೇಲೆಯೇ ಕಾಣೆಯಾದ. ಲೋತ್ಸೆ ಶಿಖರದಿಂದ ಸ್ಕೀ ಮೇಲೆ ಇಳಿದ ಹಿಲರೀ ನೆಲ್ಸನ್ 2022ರಲ್ಲಿ ಮನಾಸ್ಲುವಿನಲ್ಲಿ ತೀರಿಕೊಂಡಳು. ಈ ಹೆಸರುಗಳನ್ನು ಬಿಟ್ಟು ಗೆದ್ದವರನ್ನಷ್ಟೇ ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

2025ರ ಸೆಪ್ಟೆಂಬರ್ 22ರಂದು ಬಾರ್ಗಿಯೆಲ್ ಸಿಲಿಂಡರ್ ಇಲ್ಲದೆಯೇ ಎವರೆಸ್ಟ್ ಏರಿ, ಸ್ಕೀ ಮೇಲೆ ಹೊರಟ. ಎರಡನೇ ಕ್ಯಾಂಪಿಗೆ ಬರುವಾಗ ಕತ್ತಲಾಗಿತ್ತು. ಮುಂದೆ ಖುಂಬು ಐಸ್‌ಫಾಲ್, ಬಾಯ್ದೆರೆದ ಬಿರುಕುಗಳ ರಾಶಿ. ಅಲ್ಲೇ ರಾತ್ರಿ ಕಳೆದ. ಗುರಿ ಕೈಗೆಟುಕುವಷ್ಟು ಹತ್ತಿರವಿದ್ದಾಗಲೂ ತಡೆದು ನಿಂತ ಆ ವಿವೇಕವನ್ನು ಶಿಖರಕ್ಕಿಂತ ಒಂದು ಗೇಣು ಮೇಲೆ ಇಡುತ್ತೇನೆ. ಬೆಳಗಾದ ಮೇಲೆ ಬಾರ್ಟೆಕ್ಕನ ಡ್ರೋನ್ ದಾರಿ ತೋರಿತು. ಬಾರ್ಗಿಯೆಲ್ ಬಿರುಕುಗಳ ನಡುವೆಯೇ ಸ್ಕೀ ಮಾಡುತ್ತ ಬೇಸ್ ಕ್ಯಾಂಪ್ ಸೇರಿದ.