ಎಣ್ಣೆ ಬಾವಿ ಸಿಕ್ಕಿದವರ ಪ್ಯಾರಿಸ್ ಯಾತ್ರೆ

ತಂಗಿಯ ಬಾಣಂತನಕ್ಕೆಂದು ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರಕ್ಕೆ ಹೋಗಿದ್ದೆ. ಒಂದು ದಿನ ತಂಗಿಯ ಗಂಡ, "ಅಕ್ಕಾ, ಮನೇಲೇ ಕೂತು ಬೇಜಾರಾಗಿರಬೇಕು, ಬನ್ನಿ" ಎಂದು ಅರ್ಧ ಗಂಟೆ ದೂರದ ಕ್ಲೇರ್‌ಮೋರ್‌ಗೆ ಕರೆದೊಯ್ದರು.

ನಮ್ಮ ತಾಲ್ಲೂಕು ಕೇಂದ್ರದಂಥ ಊರು ಕಣ್ರೀ! ಅಲ್ಲಿನ ಗುಡ್ಡದ ಮೇಲೆ ಹಾಸ್ಯನಟ ವಿಲ್ ರಾಜರ್ಸ್‌ನ ಸ್ಮಾರಕವಿದೆ. 1938ರಲ್ಲಿ ತೆರೆದ ಕಲ್ಲಿನ ಕಟ್ಟಡ. ಚೆರೋಕಿ ಜನಾಂಗದ ಈತ ದನ ಕಾಯುವವರ ಹಗ್ಗದಾಟ ತೋರಿಸುತ್ತ ರಂಗಕ್ಕೆ ಬಂದು, ದೇಶವನ್ನೇ ನಗಿಸಿ, 1935ರಲ್ಲಿ ಅಲಾಸ್ಕಾದಲ್ಲಿ ವಿಮಾನ ಬಿದ್ದು ತೀರಿಕೊಂಡ. ಅವನ ಕುದುರೆ ಜೀನುಗಳನ್ನು ನೋಡಿ, ಸಮಾಧಿಗೆ ಕೈಮುಗಿದು ಬಂದೆವು.

ರಾತ್ರಿ ಮನೆಯಲ್ಲಿ ಅವನ ಮೊದಲ ಮಾತಿನ ಚಿತ್ರ ನೋಡಿದೆವು. 1929ರದು, 'ದೇ ಹ್ಯಾಡ್ ಟು ಸೀ ಪ್ಯಾರಿಸ್'. ಕಥೆ ಶುರುವಾಗುವುದು ಅದೇ ಕ್ಲೇರ್‌ಮೋರ್‌ನಲ್ಲಿ! ಗ್ಯಾರೇಜಿನ ಪೈಕ್ ಪೀಟರ್ಸ್‌ಗೆ ಎಣ್ಣೆ ಬಾವಿಯಿಂದ ದಿಢೀರನೆ ದುಡ್ಡು ಬರುತ್ತದೆ. ಹೆಂಡತಿ ಐಡಿಗೆ ಇನ್ನು ಆ ಊರು ಹಿಡಿಸೀತೇ? ನಾಗರಿಕತೆ ಕಲಿಯಬೇಕು, ಮಗಳಿಗೆ ದೊಡ್ಡ ಮನೆತನದ ವರ ಹುಡುಕಬೇಕು ಎಂದು ಎಲ್ಲರನ್ನೂ ಪ್ಯಾರಿಸ್‌ಗೆ ಹೊರಡಿಸುತ್ತಾಳೆ. ಅರಮನೆಯಂಥ ಮನೆ, ದೊಡ್ಡವರಿಗೆಲ್ಲ ಔತಣ. ಗಂಡನ ಹಳ್ಳಿ ಮಾತೇ ಅವಳಿಗೆ ನಾಚಿಕೆ. ನಾವಂತೂ ನಕ್ಕೂ ನಕ್ಕೂ ಸುಸ್ತಾದೆವು.

ಆದರೆ ಮಗಳನ್ನು ಮೆಚ್ಚಿದ ಫ್ರೆಂಚ್ ಶ್ರೀಮಂತವಂಶದ ವರನ ಕಡೆಯಿಂದ ವರದಕ್ಷಿಣೆಯ ಮಾತು ಬಂತು ನೋಡಿ, ನನ್ನ ನಗು ಅಲ್ಲೇ ನಿಂತಿತು. ಪೈಕ್ ಒಪ್ಪುವುದಿಲ್ಲ. ಮಗಳನ್ನು ಕೊಡುವುದಲ್ಲದೆ ಮೇಲೆ ಹಣವನ್ನೂ ಕೊಡುವುದು ಯಾವ ನ್ಯಾಯ ಅನ್ನುವುದು ಅವನ ಪ್ರಶ್ನೆ. ಹೆಂಡತಿಗೆ ಮಾತ್ರ ಗಂಡನೇ ತಪ್ಪಿತಸ್ಥ!

ಸೋದರಿಯರೇ, ನಿಮ್ಮಲ್ಲಿ ಮುಚ್ಚುಮರೆ ಯಾಕೆ? ನನ್ನ ಮಗಳಿಗೂ ಆಗ ಫಾರಿನ್ ವರನ ಮಾತು ನಡೆದಿತ್ತು. "ನಮಗೇನೂ ಬೇಡ, ನಿಮ್ಮ ಮಗಳಿಗೆ ಒಂದು ಕಾರು, ಸೈಟು ಕೊಡಿ ಸಾಕು" ಎಂದಿದ್ದರು. ನಮ್ಮಲ್ಲಿ ವರದಕ್ಷಿಣೆ ನಿಷೇಧದ ಕಾನೂನು ಬಂದದ್ದು 1961ರಲ್ಲಿ. ಅದಕ್ಕೇ ಈಗ ಯಾರೂ ಅದರ ಹೆಸರೆತ್ತುವುದಿಲ್ಲ, ಅಷ್ಟೆ. ನಮ್ಮೆಜಮಾನರು ಹಿಂದೆಮುಂದೆ ನೋಡಿದಾಗ, "ನಿಮಗೆ ಮಗಳ ಸುಖ ಬೇಡವೇ?" ಎಂದು ಗದರಿದವಳು ನಾನೇ. ನಮಗೆ ಎಣ್ಣೆ ಬಾವಿಯೂ ಸಿಕ್ಕಿರಲಿಲ್ಲ, ಇದ್ದದ್ದು ಎರಡೆಕರೆ ತೋಟ!

ಪೀಟರ್ಸ್ ಮನೆಯವರು ಕೊನೆಗೆ ಬುದ್ಧಿ ಕಲಿತು ತಮ್ಮೂರಿಗೇ ಮರಳುತ್ತಾರೆ. ನಾನು ಆ ರಾತ್ರಿಯೇ ಊರಿಗೆ ಫೋನು ಮಾಡಿ, "ತೋಟ ಮಾರಬೇಡಿ. ಅವರಿಗೆ ಆಗಲ್ಲ ಅಂತ ಹೇಳಿಬಿಡಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳೂ ಇದನ್ನೇ ಹೇಳ್ತಿದ್ಲು ಕಣೇ, ನಿನಗೆ ಹೇಳೋಕೆ ಹೆದರ್ತಿದ್ಲು" ಎಂದರು.

ಅಷ್ಟು ದೂರ ಹೋಗಿ ನಾನು ಕಂಡದ್ದು ಇಷ್ಟು. ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿದ್ದರೆ, ಮೊದಲು ಮಗಳನ್ನೊಮ್ಮೆ ಕೇಳಿ ನೋಡಿ.