ಮುಂಡಗೋಡದ ದಾರಿಯಲ್ಲಿ ಒಂದು ಚರ್ಚಾಸ್ಪರ್ಧೆ

ದುಂಡಸಿ ಪ್ರವಾಸಿಗರು ಹುಡುಕಿಕೊಂಡು ಬರುವ ಊರೇನಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ ಅದು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೇ ಸೇರಿತ್ತು. ಪೂರ್ವಕ್ಕೆ ಮುಖ ಮಾಡಿ ನಿಂತರೆ ಬಯಲುಸೀಮೆ, ಪಶ್ಚಿಮಕ್ಕೆ ತಿರುಗಿದರೆ ಮಲೆನಾಡಿನ ಸೆರಗು. ನಮ್ಮ ಅಕ್ಕನನ್ನು ಕೊಟ್ಟಿರುವ ಊರಾದ್ದರಿಂದ ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುವುದು ನನಗೆ ರೂಢಿ.

ಈ ಸಲ ಹೋದಾಗ ಅಕ್ಕನ ಮಗ ಚಿಂತೆಯಲ್ಲಿದ್ದ. ಹುಬ್ಬಳ್ಳಿಯ ಕಾಲೇಜಿನಲ್ಲಿ ಪಿಯುಸಿ ಓದುವ ಹುಡುಗ. ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದ. ವಿಷಯ: 'ಪ್ರಬಲ ರಾಷ್ಟ್ರವೊಂದು ಪ್ರತ್ಯೇಕತಾ ನೀತಿಯನ್ನು ಅನುಸರಿಸುವುದೇ ಲೇಸು.'

"ಮಾಮಾ, ನಾ ಪರವಾಗಿ ಮಾತಾಡಬೇಕಂತ. ಸರ್ ಚೀಟಿ ಎತ್ತಿಸ್ಯಾರ. ನಮ್ಮ ಪಾಡಿಗೆ ನಾವಿದ್ರ ತಪ್ಪೇನೈತಿ ಅಂತ ಬರ್ಕೊಂಡೀನಿ. ಮುಂದ ಏನೂ ಹೊಳೀವಲ್ದು" ಎಂದ.

"ನಾಳೆ ನನ್ನ ಜತೆ ಮುಂಡಗೋಡಕ್ಕ ಬಾ. ಅಲ್ಲಿ ಹೊಳೀತದ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲೇ ಇರುವ ಮುಂಡಗೋಡವನ್ನು ಅವನು ಸಣ್ಣಂದಿನಿಂದ ನೋಡಿದವನು. ಅಲ್ಲಿ ಚರ್ಚಾಸ್ಪರ್ಧೆಗೆ ಏನು ಸಿಗುತ್ತದೆ?

ಬೆಳಿಗ್ಗೆ ಹೊರಟಾಗ ರಸ್ತೆಯ ಎರಡೂ ಬದಿಗೆ ಗೋವಿನಜೋಳ ಎದೆಯೆತ್ತರ ನಿಂತಿತ್ತು. ಇದು ಎಲ್ಲಿಯ ಬೆಳೆ ಎಂದು ಕೇಳಿದೆ. "ನಮ್ಮದ" ಎಂದ ಹುಡುಗ. ಗೋವಿನಜೋಳ ಅಮೆರಿಕ ಖಂಡದ್ದು. ನಮ್ಮ ಜಿಲ್ಲೆಗೆ ಹೆಸರು ತಂದ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಲ್ಲಿಯೇ. ಸವಣೂರಿನ ದೊಡ್ಡಹುಣಸೆ ಮಠದ ಆ ಭಾರೀ ಮರಗಳು ಆಫ್ರಿಕಾದವು. ಯಾರೋ ಬಾಗಿಲು ತೆರೆದಿದ್ದಕ್ಕೇ ಇವೆಲ್ಲ ಒಳಗೆ ಬಂದವು. "ನಮ್ಮ ಪಾಡಿಗೆ ನಾವು" ಎಂಬ ಮಾತನ್ನು ನಾವು ಪರದೇಶದ ಪೈರಿನ ನಡುವೆ ನಿಂತೇ ಆಡುತ್ತೇವೆ.

ಸವಣೂರಿನ ಮಾತು ಬಂದದ್ದರಿಂದ ಅದರ ಚರಿತ್ರೆಯನ್ನೂ ನೆನೆಯಬಹುದು. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಸವಣೂರ ನವಾಬರಿಗೆ ಒಂದು ಕಡೆ ಮರಾಠರು, ಒಂದು ಕಡೆ ನಿಜಾಮ, ಇನ್ನೊಂದು ಕಡೆ ಮೈಸೂರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಮತ್ತು ನಿಜಾಮರ ಸೈನ್ಯ ಸವಣೂರಿಗೆ ಮುತ್ತಿಗೆ ಹಾಕಿತು. 1779ರಲ್ಲಿ ನವಾಬ ಅಬ್ದುಲ್ ಹಕೀಂ ಖಾನ್ ಹೈದರಾಲಿಯೊಡನೆ ಬೀಗತನ ಬೆಳೆಸಿದ. ಆದರೂ 1786ರಲ್ಲಿ ಹೈದರನ ಮಗ ಟಿಪ್ಪುವಿನ ಸೈನ್ಯವೇ ಸವಣೂರನ್ನು ಹಿಡಿಯಿತು. ನವಾಬ ಮರಾಠರ ಪಾಳೆಯ ಸೇರಬೇಕಾಯಿತು. ನಡುದಾರಿಯಲ್ಲಿ ಮನೆ ಕಟ್ಟಿದವನಿಗೆ ಕದ ಹಾಕಿಕೊಂಡು ಕೂಡುವ ಅವಕಾಶವೇ ಇಲ್ಲ. ಆ ಅವಕಾಶ ಇರುವುದು ಎರಡು ಬಗೆಯವರಿಗೆ: ಒಂದು, ಯಾರಿಗೂ ಅಂಜಬೇಕಿಲ್ಲದ ಬಲಾಢ್ಯರಿಗೆ, ಇನ್ನೊಂದು, ಬೆಟ್ಟ ಸಮುದ್ರಗಳೇ ಕೋಟೆಯಾಗಿ ನಿಂತವರಿಗೆ.

ಮುಂಡಗೋಡ ದಾಟಿ ಟಿಬೆಟಿಯನ್ ಕ್ಯಾಂಪಿನ ಕಡೆ ಹೊರಳಿದರೆ ನೋಟವೇ ಬದಲು. ಮರದಿಂದ ಮರಕ್ಕೆ ಕಟ್ಟಿದ ಐದು ಬಣ್ಣದ ಪತಾಕೆಗಳು, ಕೆಂಪು ನಿಲುವಂಗಿಯ ಲಾಮಾಗಳು, ಬಂಗಾರದ ಬಣ್ಣದ ಕಳಸ ಹೊತ್ತ ಮಂದಿರಗಳು. ನಂಬರಿನ ಮೇಲೆ ಗುರುತಿಸುವ ಕ್ಯಾಂಪುಗಳು. ಲಾಮಾ ಕ್ಯಾಂಪ್ ಒಂದರಲ್ಲಿ ಗಾಂದೆನ್ ವಿಹಾರ, ಎರಡರಲ್ಲಿ ಡ್ರೆಪುಂಗ್ ವಿಹಾರ. ಎರಡೂ ಲ್ಹಾಸಾ ಪರಿಸರದ ಪ್ರಾಚೀನ ಮಠಗಳು. ಇಲ್ಲಿ ಅವು ಹೊಸದಾಗಿ ಹುಟ್ಟಿದವು.

ಈ ಜನರ ಚರಿತ್ರೆಯನ್ನು ಹುಡುಗನಿಗೆ ನಡೆಯುತ್ತ ನಡೆಯುತ್ತ ಹೇಳಿದೆ. ಟಿಬೆಟ್ ಒಂದು ಕಾಲಕ್ಕೆ ಬಲಿಷ್ಠ ಸಾಮ್ರಾಜ್ಯ. ಕ್ರಿ.ಶ. 763ರಲ್ಲಿ ಅದರ ಸೈನ್ಯ ಚೀನದ ರಾಜಧಾನಿ ಚಾಂಗಾನ್ ನಗರವನ್ನೇ ಕೆಲವು ದಿನ ವಶದಲ್ಲಿಟ್ಟುಕೊಂಡಿತ್ತು. ಶತಮಾನಗಳು ಕಳೆದಂತೆ ಆ ಬಲ ಉಳಿಯಲಿಲ್ಲ. ಹಿಮಾಲಯ ಮಾತ್ರ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಟಿಬೆಟ್ ಪರದೇಶಿಯರಿಗೆ ನಿಷಿದ್ಧ ನಾಡಾಗಿತ್ತು. ವೈಸ್‌ರಾಯ್ ಲಾರ್ಡ್ ಕರ್ಜನ್ ದಲೈಲಾಮಾಗೆ ಬರೆದ ಪತ್ರಗಳು ಮೊಹರು ಒಡೆಯದೆ ಹಿಂದಿರುಗಿದವು. ಒಳಗೇನೋ ರಷ್ಯದ ಸಂಚು ನಡೆದಿದೆ ಎಂದು ಕರ್ಜನ್ನನಿಗೆ ಅನುಮಾನ ಹುಟ್ಟಿತು. ಯಂಗ್‌ಹಸ್‌ಬೆಂಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸೈನ್ಯ ಏರಿ ಹೋಯಿತು. 1904ರ ಮಾರ್ಚ್ 31ರಂದು ಗುರು ಎಂಬಲ್ಲಿ ಬತ್ತಿ ಬಂದೂಕು ಹಿಡಿದಿದ್ದ ನೂರಾರು ಟಿಬೆಟಿಯನ್ನರು ಮ್ಯಾಕ್ಸಿಂ ಗನ್ನುಗಳೆದುರು ಸತ್ತುಬಿದ್ದರು. ಮುಚ್ಚಿದ ಬಾಗಿಲು ಶತ್ರುವನ್ನು ತಡೆಯಲಿಲ್ಲ. ಹೊರಗೆ ಎಂಥ ಬಂದೂಕುಗಳು ಬಂದಿವೆ ಎಂಬ ಸುದ್ದಿಯನ್ನು ಮಾತ್ರ ತಡೆದಿತ್ತು.

ಹದಿಮೂರನೆಯ ದಲೈಲಾಮಾ ಇದನ್ನು ಅರಿತವರು. 1913ರಲ್ಲಿ ನಾಲ್ವರು ಹುಡುಗರನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. 1923ರಲ್ಲಿ ಗ್ಯಾಂಟ್ಸೆ ಎಂಬಲ್ಲಿ ಇಂಗ್ಲಿಷ್ ಶಾಲೆಯೂ ಆರಂಭವಾಯಿತು. ಸಂಪ್ರದಾಯಸ್ಥರ ವಿರೋಧದಿಂದ ಮೂರೇ ವರ್ಷದಲ್ಲಿ ಅದು ಮುಚ್ಚಿತು. ಟಿಬೆಟ್ ರಾಷ್ಟ್ರಸಂಘವನ್ನೂ ಸೇರಲಿಲ್ಲ, ವಿಶ್ವಸಂಸ್ಥೆಯ ಸದಸ್ಯನೂ ಆಗಲಿಲ್ಲ.

1950ರ ಅಕ್ಟೋಬರಿನಲ್ಲಿ ಚೀನದ ಸೈನ್ಯ ಬಂದಾಗ ಲ್ಹಾಸಾ ವಿಶ್ವಸಂಸ್ಥೆಯ ಕದ ತಟ್ಟಿತು. ಆ ದೂರನ್ನು ಎತ್ತಿಕೊಂಡ ದೇಶ ಯಾವುದೆಂದು ಬಲ್ಲಿರಾ? ಅಮೆರಿಕವಲ್ಲ, ಬ್ರಿಟನ್ ಅಲ್ಲ, ನಮ್ಮ ದೇಶವೂ ಅಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ! ಟಿಬೆಟ್ಟಿನ ಕಾನೂನುಬದ್ಧ ಸ್ಥಾನಮಾನವೇ ಸ್ಪಷ್ಟವಿಲ್ಲ ಎಂದಿತು ಬ್ರಿಟನ್. ಮಾತುಕತೆಯಿಂದ ಬಗೆಹರಿದೀತು ಎಂದಿತು ಭಾರತ. ನವೆಂಬರ್ 24ರಂದು ವಿಷಯ ಮುಂದೂಡಲ್ಪಟ್ಟಿತು.

ಕ್ಯಾಂಪಿನ ಒಂದು ಸಣ್ಣ ಹೋಟೆಲಿನಲ್ಲಿ ಚಹಾಕ್ಕೆ ಕುಳಿತೆವು. ಪಕ್ಕದ ಬೆಂಚಿನಲ್ಲಿ ಎಪ್ಪತ್ತೈದರ ಹಿರಿಯರೊಬ್ಬರು ಜಪಮಾಲೆ ಎಣಿಸುತ್ತಿದ್ದರು. 1959ರಲ್ಲಿ ತಂದೆಯ ಹೆಗಲ ಮೇಲೆ ಗಡಿ ದಾಟಿ ಬಂದವರಂತೆ. ತಂದೆ ತಾಯಿ ಹಿಮಾಚಲದಲ್ಲಿ ರಸ್ತೆ ಕೆಲಸ ಮಾಡಿ, ಆಮೇಲೆ ಇಲ್ಲಿ ಕಾಡು ಕಡಿದು ಹೊಲ ಮಾಡಿದರಂತೆ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬಹಳ ವರ್ಷ ಹುಬ್ಬಳ್ಳಿಗೆ ಹೋಗಿದ್ದಾರೆ. ಅವರ ಕನ್ನಡ ನಮ್ಮ ಅಕ್ಕನ ಕನ್ನಡದಂತೆಯೇ ಇತ್ತು.

ಹುಡುಗ ತನ್ನ ವಿಷಯ ಹೇಳಿದ. ಅವರು ನಕ್ಕರು.

"ನಮ್ಮ ದೇಶಕ್ಕ ಹೊರಗಿನವರು ಬರಬಾರ್ದು ಅಂತಿತ್ತು, ತಮ್ಮಾ. ನಾವು ಹೊರಗ ಬಂದ ಮ್ಯಾಲೆ ತಿಳೀತು, ನಮ್ಮನ್ನ ಯಾರೂ ನೋಡೇ ಇರಲಿಲ್ಲ ಅಂತ."

"ಹಂಗಾದ್ರ ಅಜ್ಜಾರ, ಬಾಗಿಲಾ ತೆಗೆದಿಟ್ಟಿದ್ರ ಚೀನಾದವರು ಬರ್ತಿದ್ದಿಲ್ಲೇನ್ರಿ?"

"ಬರ್ತಿದ್ರೋ ಏನೋ. ಆದ್ರ ಬಂದಾಗ ನಾಕು ಮಂದಿ ಸಾಕ್ಷಿ ಇರ್ತಿದ್ರು."

ಹುಡುಗ ಟಿಪ್ಪಣಿ ಪುಸ್ತಕ ತೆಗೆದ. ಆದರೆ ಅವನು ಜಾಣ, ಸುಮ್ಮನೆ ಒಪ್ಪುವವನಲ್ಲ. "ಟಿಬೆಟ್ ಆಗ ಬಲ ಕಳಕೊಂಡಿತ್ತು ಮಾಮಾ. ನನ್ನ ವಿಷಯ ಪ್ರಬಲ ರಾಷ್ಟ್ರದ್ದು. ಅಮೆರಿಕದಂಥಾದ್ದು ತನ್ನಷ್ಟಕ್ಕ ಇದ್ರ ಅದಕ್ಕೇನ್ ನಷ್ಟ?" ಎಂದ.

ನ್ಯಾಯವಾದ ಪ್ರಶ್ನೆ. ಟಿಬೆಟ್ಟಿಗೆ ಹಿಮಾಲಯವಿದ್ದಂತೆ ಅಮೆರಿಕಕ್ಕೆ ಎರಡು ಮಹಾಸಾಗರಗಳು. ಪರದೇಶಗಳೊಡನೆ ಶಾಶ್ವತ ಮೈತ್ರಿ ಬೇಡವೆಂದು 1796ರಲ್ಲೇ ಜಾರ್ಜ್ ವಾಷಿಂಗ್ಟನ್ ಬುದ್ಧಿ ಹೇಳಿದ್ದ. ಮೊದಲ ಮಹಾಯುದ್ಧದ ನಂತರ ತನ್ನ ಅಧ್ಯಕ್ಷ ವಿಲ್ಸನ್ನನೇ ಕಟ್ಟಿದ ರಾಷ್ಟ್ರಸಂಘವನ್ನು ಅಮೆರಿಕ ಸೇರಲಿಲ್ಲ. 1930ರಲ್ಲಿ ಆಮದು ಸುಂಕದ ಗೋಡೆ ಎತ್ತರಿಸಿತು. 1935ರಿಂದ ಸಾಲುಸಾಲಾಗಿ ತಟಸ್ಥತೆಯ ಕಾಯಿದೆಗಳನ್ನು ಮಾಡಿತು. 1939ರಲ್ಲಿ ಹಿಟ್ಲರನ ಜರ್ಮನಿಯಿಂದ ಒಂಬೈನೂರಕ್ಕೂ ಹೆಚ್ಚು ಯಹೂದಿಗಳನ್ನು ಹೊತ್ತು ಬಂದ 'ಸೇಂಟ್ ಲೂಯಿಸ್' ಹಡಗು ಫ್ಲಾರಿಡಾದ ದೀಪಗಳು ಕಾಣುವಷ್ಟು ಹತ್ತಿರ ಬಂದು, ಇಳಿಯಲು ಅನುಮತಿ ಸಿಗದೆ ಯೂರೋಪಿಗೆ ಮರಳಿತು. ಆ ಪ್ರಯಾಣಿಕರಲ್ಲಿ 254 ಮಂದಿ ಮುಂದೆ ನಾಜಿಗಳ ನರಮೇಧಕ್ಕೆ ಬಲಿಯಾದರು. ಯುದ್ಧ ತನ್ನದಲ್ಲ ಎಂದುಕೊಂಡಿದ್ದ ಅಮೆರಿಕದ ಪರ್ಲ್ ಹಾರ್ಬರಿಗೆ 1941ರ ಡಿಸೆಂಬರ್ 7ರಂದು ಯುದ್ಧವೇ ಹಾರಿ ಬಂತು. ಬಲಿಷ್ಠನೂ ನಷ್ಟ ಅನುಭವಿಸುತ್ತಾನೆ. ಅವನ ಸರದಿ ತಡವಾಗಿ ಬರುತ್ತದೆ, ಅಷ್ಟೆ. ಅಷ್ಟರಲ್ಲಿ ದುರ್ಬಲರು ತೆತ್ತಾಗಿರುತ್ತದೆ.

ಹಾಗಾದರೆ ಬಲಿಷ್ಠರು ಎಲ್ಲರ ಅಂಗಳಕ್ಕೂ ಇಳಿಯಬೇಕೆ? ಅದರ ಫಲವೂ ಇದೇ ಜನರಿಗೆ ಗೊತ್ತು. 1950ರ ದಶಕದ ಕೊನೆಯಿಂದ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಟಿಬೆಟಿಯನ್ ಯುವಕರಿಗೆ ಗುಟ್ಟಾಗಿ ಆಯುಧ, ತರಬೇತಿ ಕೊಟ್ಟಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಪೀಕಿಂಗಿಗೆ ಹೋಗಿ ಕೈಕುಲುಕುವ ಹೊತ್ತಿಗೆ ಆ ಹೋರಾಟಗಾರರು ಯಾರಿಗೂ ಬೇಡವಾಗಿದ್ದರು. ನೇಪಾಳದ ಮುಸ್ತಾಂಗಿನಲ್ಲಿದ್ದ ಅವರ ನೆಲೆ 1974ರಲ್ಲಿ ಮುಚ್ಚಿತು. ವಿಯೆಟ್ನಾಂನಲ್ಲಿ ಐವತ್ತೆಂಟು ಸಾವಿರ ಅಮೆರಿಕನ್ ಸೈನಿಕರೂ ಅದರ ಎಷ್ಟೋ ಪಟ್ಟು ವಿಯೆಟ್ನಾಮಿಗಳೂ ಸತ್ತರು. ಅಫ್ಘಾನಿಸ್ತಾನದಲ್ಲಿ 2001ರಿಂದ 2021ರವರೆಗೆ ಇಪ್ಪತ್ತು ವರ್ಷ ಇದ್ದು ಹೊರಟಾಗ ತಾಲಿಬಾನ್ ಮರಳಿ ಗದ್ದುಗೆ ಏರಿತ್ತು. ಇವನ್ನೆಲ್ಲ ನೋಡಿದ ಅಮೆರಿಕದ ಒಬ್ಬ ತಾಯಿ 'ನಮ್ಮ ಮಕ್ಕಳು ಮನೆಯಲ್ಲೇ ಇರಲಿ' ಎಂದರೆ ಅದನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ನನ್ನ ಅಳಿಯನ 'ಪರ' ವಾದಕ್ಕೆ ನಿಜವಾದ ತೂಕವಿರುವುದು ಇಲ್ಲಿಯೇ.

ಆದರೆ ಮುಂಡಗೋಡ ನಮಗೆ ಇನ್ನೊಂದು ಲೆಕ್ಕವನ್ನು ತೋರಿಸುತ್ತದೆ. ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಈ ವಸತಿ ಆರಂಭವಾದದ್ದು 1966ರಲ್ಲಿ. ಆ ವರ್ಷವನ್ನು ಹಿರಿಯರು ಮರೆತಿರಲಾರರು. ದೇಶದ ಹಲವೆಡೆ ಬರ. ಒಂದು ಕೋಟಿ ಟನ್ನಿನಷ್ಟು ಆಹಾರಧಾನ್ಯವನ್ನು ಹೊರಗಿನಿಂದ ತರಿಸಿದ ವರ್ಷ ಅದು. ಅಮೆರಿಕದ ಗೋಧಿ ಹಡಗು ಎಂದು ಬಂದೀತೆಂದು ದಿಲ್ಲಿ ಕಾಯುತ್ತಿತ್ತು. ರೇಷನ್ ಅಂಗಡಿಯ ಮುಂದೆ ಸಾಲು ನಿಂತಿದ್ದ ದೇಶವೊಂದು ಮನೆ ಕಳೆದುಕೊಂಡವರಿಗೆ ನೆಲ ಕೊಟ್ಟಿತು. ಬಂಗಾಳದ ಬಕ್ಸಾ ಎಂಬಲ್ಲಿನ ಹಳೆಯ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದಿದ್ದ ಲಾಮಾಗಳೂ ಮುಂದೆ ಇಲ್ಲಿಗೆ ಬಂದರು. 1950ರಲ್ಲಿ ನಾವು ಮಾಡಿದ ತಪ್ಪನ್ನು ಇದು ಅಳಿಸಿತೆಂದಲ್ಲ. ಆದರೆ ಜಗತ್ತಿನೊಡನೆ ಸಂಬಂಧವಿಡುವುದೆಂದರೆ ಸೈನ್ಯ ಕಳಿಸುವುದೊಂದೇ ಅಲ್ಲ, ಬಾಗಿಲು ತೆರೆಯುವುದೂ ಹೌದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ದುಂಡಸಿಯವರಿಗೆ ಸಿಗಲಾರದು.

ಇಲ್ಲಿ ವಿದ್ಯಾರ್ಥಿಗಳು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕು. ಅಲಿಪ್ತ ನೀತಿ ಬೇರೆ, ಪ್ರತ್ಯೇಕತಾ ನೀತಿ ಬೇರೆ. ಯಾರ ಬಣಕ್ಕೂ ಸೇರದೆ ಎಲ್ಲರೊಡನೆ ಮಾತಾಡುವುದು ಅಲಿಪ್ತತೆ. ಯಾರೊಡನೆಯೂ ಮಾತೇ ಬೇಡವೆಂಬುದು ಪ್ರತ್ಯೇಕತೆ. ಪರೀಕ್ಷೆಯಲ್ಲಿ ಇವೆರಡನ್ನು ಕಲಸುವವರು ಬಹಳ.

ಡ್ರೆಪುಂಗ್ ವಿಹಾರದ ಆವರಣದಲ್ಲಿ ಸಂಜೆ ಲಾಮಾಗಳ ಶಾಸ್ತ್ರಚರ್ಚೆ ನಡೆದಿತ್ತು. ಒಬ್ಬ ಕುಳಿತಿರುತ್ತಾನೆ, ಇನ್ನೊಬ್ಬ ನಿಂತು, ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತಾನೆ. ಹುಡುಗ ಕಣ್ಣು ಮಿಟುಕಿಸದೆ ನೋಡಿದ. ಇದೂ ಚರ್ಚಾಸ್ಪರ್ಧೆಯೇ ಅಲ್ಲವೆ! ಒಂದು ಕಾಲಕ್ಕೆ ಇಂಗ್ಲಿಷ್ ಶಾಲೆಯನ್ನು ಮುಚ್ಚಿಸಿದ ಪರಂಪರೆಯವರು ಈಗ ಭೌತಶಾಸ್ತ್ರ, ಜೀವಶಾಸ್ತ್ರ ಕಲಿಯುತ್ತಾರೆ. 2017ರಲ್ಲಿ ಇಲ್ಲಿ ಧ್ಯಾನ ಮತ್ತು ವಿಜ್ಞಾನ ಕೇಂದ್ರವೇ ಉದ್ಘಾಟನೆಯಾಯಿತು. ಇಷ್ಟಾದರೂ ಇವರ ಬಾಳು ಬಲಿಷ್ಠರ ಮನಸ್ಸನ್ನು ಅವಲಂಬಿಸಿಯೇ ಇದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಭಾರತ, ನೇಪಾಳಗಳ ಟಿಬೆಟಿಯನ್ನರ ಆರೋಗ್ಯ, ಶಿಕ್ಷಣ ಯೋಜನೆಗಳಿಗೂ ಅದರ ಏಟು ತಟ್ಟಿತು. ಒಂದಷ್ಟು ನೆರವು ಅದೇ ವರ್ಷ ಮರಳಿತೆನ್ನಿ. ವಾಷಿಂಗ್ಟನ್ನಿನಲ್ಲಿ ಕದ ಸರಿಸಿದರೆ ಗಾಳಿ ನಿಲ್ಲುವುದು ಇಂಥ ದೂರದ ಓಣಿಗಳಲ್ಲಿ.

ಮರಳುವ ಬಸ್ಸಿನಲ್ಲಿ ಹುಡುಗ ತನ್ನ ಭಾಷಣದ ಮೊದಲ ಸಾಲನ್ನು ಹೊಡೆದುಹಾಕಿದ. "ಚೀಟಿ ಎತ್ತಿದ್ದು ಪರ. ಪರವಾಗೇ ಮಾತಾಡ್ತೀನಿ. ಆದ್ರ ಸೈನ್ಯಾ ಮನ್ಯಾಗಿರ್ಲಿ ಅಂತೀನಿ, ಬಾಗಿಲಾ ಹಾಕ್ರಿ ಅನ್ನಂಗಿಲ್ಲ" ಎಂದ. ಅವನಿಗೆ ಬಹುಮಾನ ಬರಲಿಲ್ಲ. ವಿಷಯಕ್ಕೆ ಪೂರ್ತಿ ನಿಷ್ಠನಾಗಿಲ್ಲವೆಂದು ತೀರ್ಪುಗಾರರು ಅಂಕ ಕಡಿಮೆ ಕೊಟ್ಟರಂತೆ. ನನ್ನ ಮಟ್ಟಿಗೆ ಅವನು ಹೇಳಿದ್ದೇ ಉತ್ತರ.

ಮುಂಡಗೋಡಕ್ಕೆ ಹುಬ್ಬಳ್ಳಿಯಿಂದ ತಡಸ ಮಾರ್ಗವಾಗಿ ಬಸ್ಸುಗಳಿವೆ. ಊರಿನಿಂದ ಕ್ಯಾಂಪುಗಳಿಗೆ ಆಟೋ ಸಿಗುತ್ತದೆ. ವಿದೇಶಿಯರು ಇಲ್ಲಿ ತಂಗಬೇಕಾದರೆ ಕೇಂದ್ರ ಸರ್ಕಾರದ ಪರವಾನಿಗೆ ಬೇಕು. ನಮಗೆ ಆ ತೊಂದರೆಯಿಲ್ಲ. ಬರುವಾಗ ಬಂಕಾಪುರದ ಕೋಟೆ, ಅಲ್ಲಿಯ ನವಿಲುಗಳು, ಶರೀಫರ ಶಿಶುನಾಳ, ಕನಕದಾಸರ ಬಾಡ, ಸವಣೂರಿನ ದೊಡ್ಡ ಹುಣಸೆ ಇವನ್ನೂ ನೋಡಬಹುದು. ಪಾಲಕರು ದಸರಾ ರಜೆಯಲ್ಲೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಲಿ. ಮಂದಿರ ನೋಡಿದ ಮೇಲೆ ಯಾವುದಾದರೂ ಚಹಾದಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು, ಅಲ್ಲಿಯ ಹಿರಿಯರನ್ನು ಮಾತಾಡಿಸಲಿ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ.