ಕೋಣೆಯೊಳಗೊಂದು ಕೋಣೆ

ಅಮೆರಿಕದ ಬಾಸ್ಟನ್ ಊರಿನಲ್ಲಿ ಮ್ಯಾಸಚೂಸೆಟ್ಸ್ ಅವೆನ್ಯೂ ಎಂಬ ಉದ್ದನೆಯ ರಸ್ತೆಯಿದೆ. ಗಲಾಟೆಯಲ್ಲಿ ನಮ್ಮ ಮೈಸೂರಿನ ಸಯ್ಯಾಜಿರಾವ್ ರಸ್ತೆಗೇನೂ ಕಡಿಮೆಯಿಲ್ಲ. ಬಸ್ಸು, ಆಂಬುಲೆನ್ಸ್, ಹತ್ತಿರದಲ್ಲೇ ನೆಲದಡಿಯ ರೈಲು. ಇಂಥ ಕಡೆಯೇ ಬರ್ಕ್ಲೀ ಸಂಗೀತ ಕಾಲೇಜಿನ 16 ಅಂತಸ್ತಿನ ಕಟ್ಟಡ 2014ರಲ್ಲಿ ತೆರೆಯಿತು. ಧ್ವನಿಮುದ್ರಣದ ಸ್ಟುಡಿಯೋಗಳಿರುವುದು ಅದರ ನೆಲಮಾಳಿಗೆಯಲ್ಲಿ.

ಅಲ್ಲಿ ಓದುವ ಮೊಮ್ಮಗಳು, "ಅಜ್ಜಿ, ನಿನ್ನ ಹಸೆ ಹಾಡು ಇಲ್ಲೇ ರೆಕಾರ್ಡ್ ಮಾಡೋಣ" ಎಂದಳು. ನಮ್ಮತ್ತೆ ಕಲಿಸಿದ ಹಾಡು. ಈಗ ಅದು ಬರುವುದು ನನಗೊಬ್ಬಳಿಗೇ. ಮನೆಯಲ್ಲಿ ಫೋನಿನಲ್ಲಿ ಹಿಡಿದಾಗಲೆಲ್ಲ ನಡುವೆ ಕುಕ್ಕರ್ ಕೂಗಿಬಿಡುತ್ತಿತ್ತು.

ಮಕ್ಕಳೇ, ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆಂದು ಕೆಲವರು ನಂಬಿದ್ದಾರೆ. ಲಾರಿಯ ಸದ್ದಿಗೆ ಅದು ಲೆಕ್ಕಕ್ಕೇ ಇಲ್ಲ. ಸದ್ದೆಂದರೆ ನಡುಕ. ಗಾಳಿಯಲ್ಲಷ್ಟೇ ಅಲ್ಲ, ನೆಲ, ಗೋಡೆ, ಕಂಬಿಗಳಲ್ಲೂ ಓಡುತ್ತದೆ. ಮಿಕ್ಸಿಯ ಕೆಳಗೆ ದಪ್ಪ ಬಟ್ಟೆ ಮಡಿಸಿಟ್ಟು ನೋಡಿ, ಕಟ್ಟೆಯ ಮೇಲಿನ ಲೋಟಗಳ ಗಲಗಲ ಕಡಿಮೆಯಾಗುತ್ತದೆ. ಸ್ಟುಡಿಯೋ ಕಟ್ಟುವವರದೂ ಇದೇ ಉಪಾಯ. ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಿ, ಒಳಗಿನದನ್ನು ರಬ್ಬರ್ ಅಥವಾ ಸ್ಪ್ರಿಂಗಿನ ಮೇಲೆ ಕೂರಿಸುತ್ತಾರೆ. ಎರಡು ಗೋಡೆಗಳ ನಡುವೆ ಬರೀ ಜಾಗ. ಒಂದು ಕಬ್ಬಿಣದ ತುಂಡು ಎರಡನ್ನೂ ಮುಟ್ಟಿದರೂ ಸದ್ದು ಅದನ್ನೇ ಸೇತುವೆ ಮಾಡಿಕೊಳ್ಳುತ್ತದೆ! ತಂಪುಗಾಳಿಯೂ ಅಗಲವಾದ ಕೊಳವೆಯಲ್ಲಿ ನಿಧಾನವಾಗಿ ಬರಬೇಕು, ಇಲ್ಲದಿದ್ದರೆ ಅದೇ ಬುಸುಗುಡುತ್ತದೆ. ಬಾಗಿಲೂ ಎರಡು, ಎಂಥ ಭಾರ ಅಂತೀರಿ, ನನ್ನ ಕೈಲಿ ತಳ್ಳಲಾಗಲಿಲ್ಲ.

ಬಾಗಿಲು ಮುಚ್ಚಿತು. ನನ್ನ ಬಳೆಯ ಸದ್ದೇ ನನಗೆ ದೊಡ್ಡದಾಗಿ ಕೇಳಿತು. ಸೆರಗಿನಿಂದ ಕೈ ಸುತ್ತಿಕೊಂಡು ಹಾಡಿದೆ. ಎರಡನೇ ಸಲಕ್ಕೆ ಐದೂ ನುಡಿ ಸಿಕ್ಕವು. ನಾಲ್ಕನೆಯ ನುಡಿಯ ತಿರುವನ್ನು ಅವಳೀಗ ಕಲಿಯುತ್ತಿದ್ದಾಳೆ.

ಹಾಗಂತ ಪೂರ್ತಿ ಸತ್ತ ಮೌನವೂ ಹಾಡಿಗೆ ಒಗ್ಗದು. ದನಿ ಗೋಡೆಗೆ ತಾಗಿ ಕೊಂಚ ಹೊತ್ತು ಉಳಿಯಬೇಕು. ಎಷ್ಟು ಹೊತ್ತು? ಈ ರಸ್ತೆಯೇ ಚಾರ್ಲ್ಸ್ ನದಿ ದಾಟಿ ಹಾರ್ವರ್ಡ್ ವಿಶ್ವವಿದ್ಯಾಲಯದತ್ತ ಹೋಗುತ್ತದೆ. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತಿನ ಮೇಲೆ ಮಾತು ಬಿದ್ದು ಏನೂ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸೇಬೈನ್ ಎಂಬ ತರುಣ ಅಧ್ಯಾಪಕರು ಬೀದಿ ಮಲಗಿದ ಮೇಲೆ, ರಾತ್ರಿಯಲ್ಲಿ, ನಾಟಕಶಾಲೆಯ ಆಸನದ ದಿಂಬುಗಳನ್ನು ತಂದು ಹರಡಿ, ಆರ್ಗನ್ ಕೊಳವೆ ನುಡಿಸಿ, ನಾದ ಅಡಗುವ ಸಮಯ ಅಳೆದರು. ಬರೀ ಕೊಠಡಿಯಲ್ಲಿ ಸುಮಾರು ಐದೂವರೆ ಸೆಕೆಂಡು! ದಿಂಬು ಹೆಚ್ಚಿದಂತೆ ಅದು ಇಳಿಯಿತು. ಅವರ ಲೆಕ್ಕಾಚಾರದ ನೆರವಿನಿಂದ 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಸಿದ್ಧವಾಯಿತು.

ಅದೂ ಇದೇ ರಸ್ತೆಯಲ್ಲಿದೆ. ಮರುದಿನ ನಡೆದೇ ಹೋದೆವು. ಟಿಕೆಟಿನ ಬೆಲೆ ಕೇಳಿದ ಮೇಲೆ ಹೊರಗಿನಿಂದಲೇ ನೋಡಿ ಬಂದೆವು.